ವಾರ್ತೆ ನೋಡದ ದೊಡ್ಡಮ್ಮ

ಸುಳ್ಳು ಹೇಳಿದ್ದು ನಾನೇ. ಅದೂ ಒಂದು ದಿನದ್ದಲ್ಲ, ಒಂಬತ್ತು ವರ್ಷ ಸಾಕಿ ಬೆಳೆಸಿದ ಸುಳ್ಳು.

ಕೊಲ್ಲಿ ದೇಶವೊಂದರ ಇಂಗ್ಲಿಷ್ ಸುದ್ದಿವಾಹಿನಿಯಲ್ಲಿ ನನ್ನದು ಟೆಲಿಪ್ರಾಂಪ್ಟರ್ ಕೆಲಸ. ವಾರ್ತೆ ಓದುವವರ ಎದುರಿನ ಪರದೆಯಲ್ಲಿ ಸಾಲುಗಳು ಅವರ ಉಸಿರಿಗೆ ಸರಿಯಾಗಿ ಮೇಲೇರುವಂತೆ ಗುಂಡಿ ತಿರುಗಿಸುತ್ತ ಕೂರುವುದು. ಅರಸೀಕೆರೆಯ ನಮ್ಮ ಮನೆಯವರಿಗೆ ಇದು ಎಂಥ ಕೆಲಸವೆಂದು ಕೊನೆಗೂ ತಿಳಿಯಲಿಲ್ಲ. "ಟಿವಿಲಿ ಅವ್ಳೆ, ಆದ್ರೆ ಕಾಣ್ಸಲ್ಲ" ಎಂದುಕೊಂಡು ಸುಮ್ಮನಾದರು.

ಸಂಜೆಯ ವಾರ್ತೆ ಓದುತ್ತಿದ್ದವಳು ಐರ್ಲೆಂಡಿನ ಹೆಂಗಸು, ನನಗಿಂತ ಹದಿನೈದು ವರ್ಷ ದೊಡ್ಡವಳು. ತನ್ನೂರಿನ ಸಣ್ಣ ರೇಡಿಯೊದಲ್ಲಿ ಹವಾಮಾನ ಓದಿ ಶುರು ಮಾಡಿ, ಎರಡೇ ವರ್ಷಕ್ಕೆಂದು ಹೊರದೇಶಕ್ಕೆ ಬಂದು, ಅಲ್ಲೇ ಉಳಿದುಬಿಟ್ಟಿದ್ದಳು. ಸ್ಟುಡಿಯೊದೊಳಗೆ ಆಕೆ ಒಬ್ಬಳೇ. ಕ್ಯಾಮೆರಾಗಳು ತಾವಾಗಿಯೇ ಓಡಾಡುತ್ತಿದ್ದವು, ನಾವೆಲ್ಲ ಗಾಜಿನ ಈಚೆ. ಒಂದು ದಿನ ವಾರ್ತೆ ಮುಗಿಸಿ ಹೊರಬಂದವಳು, "ಇದನ್ನೆಲ್ಲ ಯಾರಾದರೂ ನೋಡುತ್ತಾರಾ?" ಎಂದು ಕೇಳಿದಳು. ಆ ಮುಖ ನೋಡಲಾಗದೆ, "ನಮ್ಮ ದೊಡ್ಡಮ್ಮ ದಿನಾ ನೋಡುತ್ತಾರೆ" ಎಂದುಬಿಟ್ಟೆ. ಆ ವಾಹಿನಿ ಅರಸೀಕೆರೆಯ ಕೇಬಲ್ಲಿಗೆ ಬರುತ್ತಲೇ ಇರಲಿಲ್ಲ.

ಅಂದಿನಿಂದ, "ದೊಡ್ಡಮ್ಮ ಏನಂದರು?" ಎಂದು ಕೇಳುವುದು ಅವಳಿಗೆ ರೂಢಿಯಾಯಿತು. ಹಸಿರು ಕೋಟು ಚೆನ್ನಾಗಿತ್ತಂತೆ, ಶೀತವಾಗಿತ್ತಾ ಎಂದು ಕೇಳಿದರು, ಹೀಗೆ ನಾನು ಹೇಳಿಕೊಂಡು ಹೋದೆ. ಹಾಗೆ ಯಾರಾದರೂ ನನ್ನನ್ನು ವಿಚಾರಿಸಲಿ ಎಂಬ ಆಸೆ ನನ್ನದೇ ಆಗಿತ್ತು. ಒಂಬತ್ತು ವರ್ಷದಲ್ಲಿ ಯಾರೂ ವಿಚಾರಿಸಲಿಲ್ಲ.

ಈ ವರ್ಷ ಆಕೆಯ ಕರಾರನ್ನು ಮುಂದುವರಿಸಲಿಲ್ಲ. ನಾನು ರಜೆಗೆ ಹೊರಟಿದ್ದೆ. "ಐರ್ಲೆಂಡಿಗೆ ಹೋಗುವ ಮುಂಚೆ ನಿನ್ನ ದೊಡ್ಡಮ್ಮನನ್ನು ನೋಡಬೇಕು" ಎಂದು ನನ್ನ ಜೊತೆಗೇ ಬಂದಳು.

ಅರಸೀಕೆರೆಗೆ ಹೋಗುವ ದಿನ ಬೆಳಿಗ್ಗೆ ಬೇಲೂರು ನೋಡಿಕೊಂಡು ಹಳೇಬೀಡಿಗೆ ಬಂದೆವು. ನಿಜ ಹೇಳಲು ದಾರಿಯುದ್ದಕ್ಕೂ ಬಾಯಿ ತೆರೆಯುತ್ತಿದ್ದೆ, ಮುಚ್ಚುತ್ತಿದ್ದೆ. ಗುಡಿಯ ಮುಂದಿನ ಹುಲ್ಲಿನ ಮೇಲೆ ಶಾಲೆಯ ಹುಡುಗಿಯರ ಗುಂಪೊಂದು "ಮೇಡಂ, ಮೇಡಂ" ಎಂದು ಓಡಿಬಂತು. ಆಕೆ ತಟ್ಟನೆ ಕೂದಲು ಸರಿಮಾಡಿಕೊಂಡು ಗಲ್ಲ ಎತ್ತಿದಳು. ಕ್ಯಾಮೆರಾದ ಕೆಂಪು ದೀಪ ಹತ್ತುವ ಮುಂಚೆ ದಿನಾ ಮಾಡುತ್ತಿದ್ದುದೇ ಅದು. ಹುಡುಗಿಯರಿಗೆ ಬೇಕಿದ್ದದ್ದು ಬಿಳಿ ಹೆಂಗಸಿನ ಜೊತೆ ಒಂದು ಫೋಟೊ. "ವಿಚ್ ಕಂಟ್ರಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೊರಟುಹೋದರು.

"ಪರವಾಗಿಲ್ಲ, ದೊಡ್ಡಮ್ಮನಿಗೆ ಗುರುತು ಸಿಗುತ್ತದಲ್ಲ" ಎಂದಳು.

ಎಳನೀರಿನ ಗಾಡಿಯ ಹಿಂದೆ ನಿಂತು ಕದ್ದು ಫೋನ್ ಮಾಡಿದೆ. "ದಿನಾ ಟಿವಿಲಿ ನೋಡ್ತೀನಿ ಅಂದ್ಬಿಡಿ ದೊಡ್ಡಮ್ಮ, ನಿಮ್ ಕಾಲಿಗ್ ಬೀಳ್ತೀನಿ."

"ನೋಡ್ದೇ ಇರೋಳ್ನ ನೋಡಿದೀನಿ ಅಂತ ಹೆಂಗೇ ಹೇಳ್ಲಿ? ಕರ್ಕೊಂಡ್ ಬಾ, ಉಪ್ಪಿಟ್ಟು ಮಾಡ್ಸಿರ್ತೀನಿ."

ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ನಾವು ಹೋದಾಗ ದೊಡ್ಡಮ್ಮ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಒಣಗಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಕುಲುಕುತ್ತಿದ್ದರು. ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಗಡಗಡ ಸದ್ದು ಬರುತ್ತದೆ, ಬಾರದಿದ್ದರೆ ಮತ್ತೆ ಅಟ್ಟಕ್ಕೆ. ಆಕೆ ಕೈಜೋಡಿಸಿ, "ನನ್ನ ಗುರುತು ಸಿಕ್ಕಿತಾ?" ಎಂದು ಕೇಳಿದಳು. ನಾನು ಕನ್ನಡದಲ್ಲಿ ಹೇಳಿದೆ.

"ಇಲ್ಲ ಕಣವ್ವ" ಎಂದರು ದೊಡ್ಡಮ್ಮ ನೇರ ಅವಳಿಗೇ. "ನಿನ್ನ ಇವತ್ತೇ ನೋಡ್ತಿರೋದು. ಇವ್ಳು ಸುಳ್ಳು ಹೇಳವ್ಳೆ."

"ನಿಮ್ಮ ಧ್ವನಿ ಬಹಳ ಇಷ್ಟವಂತೆ" ಎಂದು ನಾನು ಇಂಗ್ಲಿಷಿನಲ್ಲಿ ತಿರುಗಿಸಿದೆ.

ಬೇರೆಯವರು ಬರೆದದ್ದನ್ನೇ ಅಷ್ಟು ವರ್ಷ ಓದಿದವಳಿಗೆ ಮಾತಿಗೂ ಮುಖಕ್ಕೂ ತಾಳೆಯಾಗದ್ದು ಗೊತ್ತಾಗದೆ ಇರುತ್ತದೆಯೇ? ದೊಡ್ಡಮ್ಮನಿಂದ ನನ್ನ ಕಡೆ ತಿರುಗಿ, "ಒಂದು ದಿನವೂ ನೋಡಿಲ್ಲ, ಅಲ್ಲವಾ?" ಎಂದಳು. ತಲೆ ತಗ್ಗಿಸಿದೆ. ನಾಚಿಕೆಯಿಂದ ಕಣ್ಣು ತುಂಬಿ ಬಂತು.

ಎದ್ದು ಹೋಗುತ್ತಾಳೆಂದುಕೊಂಡೆ. ಆಕೆ ಕುರ್ಚಿಯನ್ನು ದೊಡ್ಡಮ್ಮನ ಎದುರಿಗೆ ಎಳೆದುಕೊಂಡು, ಬೆನ್ನು ನೆಟ್ಟಗೆ ಮಾಡಿ, "ಗುಡ್ ಈವ್ನಿಂಗ್" ಎಂದು ಶುರು ಮಾಡಿದಳು. ಕಾಗದವಿಲ್ಲ, ಪರದೆಯಿಲ್ಲ. ಬೇಲೂರಿನ ಬಿಸಿಲಿಗೆ ಕಾದ ಕಲ್ಲು, ಹಳೇಬೀಡಿನ ಹುಡುಗಿಯರು, ಹೋದ ಕೆಲಸ, ಖಾಲಿ ಮಾಡಿದ ಫ್ಲ್ಯಾಟು, ಊರಿನಲ್ಲಿ ಕಾಯುವವರು ಯಾರೂ ಇಲ್ಲದ್ದು, ಎಲ್ಲವನ್ನೂ ವಾರ್ತೆಯ ದನಿಯಲ್ಲೇ ಓದಿದಳು. ನನ್ನ ಬೆರಳು ತೊಡೆಯ ಮೇಲೆ ತಾನಾಗಿಯೇ ಗುಂಡಿ ತಿರುಗಿಸುತ್ತಿತ್ತು. ದೊಡ್ಡಮ್ಮನಿಗೆ ಒಂದಕ್ಷರ ತಿಳಿಯದು. ಆದರೂ ಕಾಯಿ ಕೆಳಗಿಟ್ಟು, ಅದನ್ನು ಕುಲುಕುವಾಗ ಮಾಡುವಂತೆಯೇ ತಲೆ ವಾಲಿಸಿ, ಮುಗಿಯುವ ತನಕ ಅವಳ ಮೇಲಿಟ್ಟ ಕಣ್ಣು ಕೀಳಲಿಲ್ಲ.

"ಒಬ್ಬಂಟಿ ಕಣೇ ಇವ್ಳು, ಪಾಪ" ಎಂದರು. ಮತ್ತೆ, "ನಾಳೆ ಎಷ್ಟೊತ್ತಿಗೆ ಓದ್ತಾಳಂತೆ? ಕೇಳೇ."

ಇದನ್ನು ಮಾತ್ರ ಒಂದು ಮಾತೂ ಬಿಡದೆ ಹೇಳಿದೆ. ಮರುದಿನ ಬೆಳಗಿನ ರೈಲಿಗೆ ಅವಳ ಟಿಕೆಟ್ ಆಗಿತ್ತು. ಒಂದು ದಿನವೂ ತಡವರಿಸದ ಆ ಹೆಂಗಸು, ಮುಂದಿನ ಸಾಲಿಗಾಗಿ ನನ್ನ ಕಡೆ ತಿರುಗಿದಳು. ನನ್ನ ಹತ್ತಿರ ಸಾಲು ಇರಲಿಲ್ಲ.