ಮಾರ್ಗರೆಟ್ ಅಜ್ಜಿಯ ಬ್ಯಾರೋಮೀಟರು, ನಮ್ಮತ್ತೆಯ ಚಿನ್ನದ ರೇಕು

ಆಯುಧಪೂಜೆಯ ದಿನ ನನ್ನ ಕೈಗೆ ಒದ್ದೆ ಬಟ್ಟೆ ಕೊಡಬಾರದು. ಕಾರು ಒರೆಸಿದೆ. ಕಂಪ್ಯೂಟರಿನ ಮಾನಿಟರು ಒರೆಸಿದೆ. (ಯಜಮಾನರ ಡಾಟ್‌ಕಾಮ್ ಕಂಪನಿ ಕೊಟ್ಟ ಸ್ಟಾಕ್ ಆಪ್ಷನ್ ಪತ್ರಕ್ಕೂ ಕುಂಕುಮ ಹಚ್ಚಿದೆ. ನಗಬೇಡಿ, ನೀವೂ ಹಚ್ಚಿದ್ದೀರಿ!) ಅದೇ ಭರದಲ್ಲಿ ಲಿವಿಂಗ್ ರೂಮಿನ ಗೋಡೆಯಲ್ಲಿದ್ದ ಬ್ಯಾರೋಮೀಟರನ್ನೂ ಉಜ್ಜಿದೆ. ಮಳೆಯೋ ಬಿಸಿಲೋ ಹೇಳುವ ಯಂತ್ರ, ಅದೂ ಆಯುಧವೇ ಅಲ್ಲವೇ?

ಬಟ್ಟೆ ನೋಡುತ್ತೇನೆ, ಚಿನ್ನ!

ಯಂತ್ರ ನಮ್ಮದಲ್ಲ. ಇಲ್ಲಿ ಅಮೆರಿಕದ ಲಾಸ್ ಆಲ್ಟೋಸಿನಲ್ಲಿ ನಮ್ಮ ಪಕ್ಕದ ಮನೆಯ ಮಾರ್ಗರೆಟ್ ಅಜ್ಜಿಯದು. ಮನೆಗೆ ಪೇಂಟ್ ಮಾಡಿಸುತ್ತಿದ್ದಾರೆಂದು ಎರಡು ವಾರದ ಮಟ್ಟಿಗೆ ನಮ್ಮಲ್ಲಿಟ್ಟಿದ್ದರು. ಇನ್ನೂರು ವರ್ಷ ಹಳೆಯ ಫ್ರೆಂಚ್ ಮಾಲು. ಮರದ ಕೆತ್ತನೆ, ಮೇಲೆ ಜೋಡಿ ಪಾರಿವಾಳ, ಮೈತುಂಬ ಚಿನ್ನ. ಈಗ ಒಂದು ಪಾರಿವಾಳದ ರೆಕ್ಕೆ ಬೋಳಾಗಿ ಒಳಗಿನ ಬಿಳಿ ಕಾಣುತ್ತಿತ್ತು. ಅಜ್ಜಿಗೆ ತೀರಿಹೋದ ಗಂಡ ಕೊಟ್ಟ ಮದುವೆಯ ಉಡುಗೊರೆ ಬೇರೆ. ನನಗೆ ಅಳುವೇ ಬಂತು.

"ಆಂಟಿಕ್ ಶಾಪಿಗೆ ಫೋನ್ ಮಾಡ್ಲಾ?" ಎಂದರು ಯಜಮಾನರು. ಮಾಡಿದರು. ರಿಪೇರಿಗೆ ಆರು ತಿಂಗಳು ಕಾಯಬೇಕಂತೆ. ಅಜ್ಜಿ ಅದನ್ನು ಒಯ್ಯಲು ಬರುವುದು ಈ ಭಾನುವಾರ!

ಆಗ, ಮೈಸೂರಿನಿಂದ ಬಂದಿದ್ದ ನಮ್ಮತ್ತೆ ಕನ್ನಡಕ ಏರಿಸಿ ರೆಕ್ಕೆ ಮುಟ್ಟಿ ನೋಡಿದರು. "ಅಯ್ಯೋ, ಇದಕ್ಯಾಕೇ ಅಳ್ತೀಯ? ಬಿಳಿ ಮೆತ್ತಿ, ಅಂಟು ಹಾಕಿ, ರೇಕು ಕೂರಿಸಿದಾರೆ. ನಾವು ದೇವರ ಪಟಕ್ಕೆ ಮಾಡಲ್ವಾ, ಅದೇ ಕಣೇ."

ಮದುವೆಗೆ ಮುಂಚೆ ಅತ್ತೆ ಮೈಸೂರು ಶೈಲಿಯ ಚಿತ್ರ ಬರೆಯುತ್ತಿದ್ದರೆಂದು ಕೇಳಿದ್ದೆ, ಅಷ್ಟೆ. ಸೂಟ್‌ಕೇಸಿನಿಂದ ಕುಂಚ, ಅಂಟು, ಉಸಿರು ತಾಗಿದರೆ ಹಾರುವಷ್ಟು ತೆಳುವಾದ ಚಿನ್ನದ ರೇಕು ಹೊರಬಂದವು. ನಮಗೊಂದು ಗಜಲಕ್ಷ್ಮಿ ಬರೆದುಕೊಡಲು ತಂದಿದ್ದರಂತೆ. "ಲಕ್ಷ್ಮಿ ಕಾಯ್ತಾಳೆ ಬಿಡು. ಫ್ಯಾನ್ ಆರಿಸು, ಜೋರಾಗಿ ಉಸಿರು ಬಿಡಬೇಡ!" ಮೂರು ದಿನ ನಮ್ಮ ಮನೆಯಲ್ಲಿ ಯಾರೂ ಸೀನಲಿಲ್ಲ.

ಭಾನುವಾರ ಅಜ್ಜಿ ಬಂದರು. ನಾನು ತಪ್ಪೊಪ್ಪಿಕೊಂಡು, ಅತ್ತೆ ಸರಿಮಾಡಿದ್ದನ್ನೂ ಹೇಳಿದೆ. ಅವರ ಮುಖ ಬಿಳುಚಿಕೊಂಡಿತು. ಬ್ಯಾರೋಮೀಟರನ್ನು ಕಿಟಕಿಯ ಬೆಳಕಿಗೆ ತರಿಸಿ ಇಂಚಿಂಚೂ ನೋಡಿದರು. ಕೊನೆಗೆ, "ಇಲ್ಲಿ ತಾನೆ? ಸ್ವಲ್ಪ ಗೊತ್ತಾಗುತ್ತದೆ" ಎಂದು ಬೆರಳಿಟ್ಟರು.

ಬೆರಳಿಟ್ಟದ್ದು ಇನ್ನೊಂದು ಪಾರಿವಾಳದ ಮೇಲೆ! ಫ್ರಾನ್ಸಿನವನ ಕೆಲಸದ ಮೇಲೆ!

ಅತ್ತೆಗೆ ಇಂಗ್ಲಿಷ್ ಬಾರದು. ಬೆರಳು ಎಲ್ಲಿದೆ ಎಂದು ಕಂಡಿತಲ್ಲ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದೇ ನಕ್ಕಿದ್ದು. ನಾನು ನಿಜವಾದ ಜಾಗ ತೋರಿಸಿದಾಗ ಮಾರ್ಗರೆಟ್ ಅಜ್ಜಿ ಅತ್ತೆಯನ್ನು ಗಟ್ಟಿಯಾಗಿ ತಬ್ಬಿಕೊಂಡರು. ತಮ್ಮ ಮನೆಯ ಕನ್ನಡಿಯ ಫ್ರೇಮೂ ನೋಡಬೇಕೆಂದು ಕೈಹಿಡಿದು ಕರೆದೊಯ್ದರು. ಹೆಮ್ಮೆಯಿಂದ ನಾನು ಕುಣಿಯುವುದೊಂದು ಬಾಕಿ.

ಊರಿಂದ ಬಂದ ಹಿರಿಯರಿಗೆ 'ಇಲ್ಲಿ ಹೊತ್ತು ಹೋಗುತ್ತಾ?' ಎಂದು ಎಲ್ಲರೂ ಕೇಳುತ್ತೇವೆ. 'ನಿಮಗೆ ಏನೇನು ಬರುತ್ತೆ?' ಎಂದು ಎಂದಾದರೂ ಕೇಳಿದ್ದೇವೆಯೇ?