ಬ್ಯಾನರಿನಲ್ಲಿ ಜಾಗ

ಮೊದಲು ಅರ್ಥಶಾಸ್ತ್ರದ ಮಾಸ್ತರರಾಗಿದ್ದು, ಆಮೇಲೆ ರಾಜಕೀಯಕ್ಕೆ ಬಂದು ದೇಶದ ಮಾರುಕಟ್ಟೆಯ ಬಾಗಿಲು ತೆರೆದ ದೊಡ್ಡ ನಾಯಕರು ತೀರಿಕೊಂಡಾಗ, ಅಕ್ಕಲಕೋಟೆಯ ವ್ಯಾಪಾರಿ ಸಂಘದವರು ಶ್ರದ್ಧಾಂಜಲಿ ಸಭೆ ಇಟ್ಟರು. ನಾನೂ ಅರ್ಥಶಾಸ್ತ್ರದ ಮಾಸ್ತರ ಎಂಬ ಒಂದೇ ತಪ್ಪಿಗೆ ಬ್ಯಾನರ್ ಮಾಡಿಸುವ ಕೆಲಸ ನನ್ನ ಕೊರಳಿಗೆ ಬಿತ್ತು.

ಸೊಲ್ಲಾಪುರದ ವಿಜಾಪುರ ರಸ್ತೆಯ ಬ್ಯಾನರ್ ಅಂಗಡಿಯಲ್ಲಿ ನಾಯಕರ ಫೋಟೋ ನಡುವೆ ಇಡಿಸಿ, ಕೆಳಗೆ ಅವರು ಮಾಡಿದ ಕೆಲಸದ ಬಗ್ಗೆ ನಾಲ್ಕು ಸಾಲು ಬರೆದುಕೊಟ್ಟೆ. ಅಷ್ಟರಲ್ಲಿ ಮೊಬೈಲಿಗೆ ಸಂಘದ ಅಧ್ಯಕ್ಷರ ಫೋಟೋ ಬಂತು, ಉಪಾಧ್ಯಕ್ಷರದು ಬಂತು, ಉಪಾಧ್ಯಕ್ಷರ ತಮ್ಮನದೂ ಬಂತು.

ಅಂಗಡಿಯವ ಮೌಸ್ ಬಿಟ್ಟು ನನ್ನ ಮುಖ ನೋಡಿದ. “ಸರ್, ಈ ನಾಕ್ ಸಾಲು ತೆಗೀಬೇಕಾಗ್ತದರಿ. ಜಾಗಾನ ಇಲ್ಲ.”

“ಅದು ಅವರ ಜೀವಮಾನದ ಕೆಲಸಪಾ!”

“ಖರೇ ಐತ್ರಿ. ಆದ್ರ ಅದನ್ನ ತೆಗದ್ರ ಯಾರೂ ಸಿಟ್ಟಾಗೂದಿಲ್ಲ. ಉಪಾಧ್ಯಕ್ಷರ ತಮ್ಮನ್ನ ತೆಗದ್ರ ನಾಳೆ ಅಂಗಡಿ ಮುಂದ ಬಂದು ನಿಂದರ್ತಾನ.”

ಬೆಳಿಗ್ಗೆಯಿಂದ ಬರೀ ಚಹಾದ ಮೇಲಿದ್ದೆ, ವಾದ ಮಾಡಲು ತ್ರಾಣ ಇರಲಿಲ್ಲ. ತೆಗಿ ಎಂದೆ. ಸಾಲುಗಳು ಹೋದವು. ನಾಯಕರು ಮೂಲೆಗೆ ಸರಿದು ಅಂಚೆಚೀಟಿಯಷ್ಟಾದರು.

“ಸರ್, ನಿಮ್ಮ ಫೋಟೋನೂ ಕಳಸ್ರಿ. ಅವರನ್ನ ಇನ್ನೊಂಚೂರು ಸಣ್ಣ ಮಾಡಿದ್ರ ಕೂಡತೈತಿ.”

ಬ್ಯಾಡ ಅನ್ನಬೇಕಿತ್ತು. ಬ್ಯಾನರಿನಲ್ಲಿ ನನ್ನ ಫೋಟೋ ಚಲೋ ಬಂದಿದೆ.