ಡ್ರಿಲ್ಲಿಗೆ ಕೊಟ್ಟ ಎದೆ

ಪೀಣ್ಯದ ವರ್ಕ್‌ಶಾಪಿಗೆ ನಾನೇ ವಾಚ್‌ಮನ್. ಪ್ರಾಯದಲ್ಲಿ ಒಬ್ಬನೇ ಲೇತ್ ಮಷೀನು ಹೊತ್ತವನು, ನಂಬೋರು ನಂಬಿ. ಅಲ್ಲಿ ಡ್ರಿಲ್ ಹಿಡಿಯೋ ಯಾದಗಿರಿ ಹುಡುಗ ಬಸು, ದಿನಾ ಕಬಡ್ಡಿ ಆಡೋನು, ವಾರದಿಂದ ಎದೆ ಉಜ್ಜಿಕೊಂಡು ಕೂತಲ್ಲಿ ಕೂರದೆ ಒದ್ದಾಡ್ತಿದ್ದ.

“ಸಣ್ಣಗ ಹಿಡದಂಗ ಆಗತೈತ್ರಿ ಅಜ್ಜಾರ. ಹಾರ್ಟ್ ಏನ್ರಿ?”

“ನಡಿ ಮಗಾ, ತೋರ್ಸೇ ಬಿಡಾಣ,” ಅಂತ ಆಸ್ಪತ್ರೆಗೆ ಎಳ್ಕೊಂಡು ಹೋದೆ. ಇಸಿಜಿ ವೈರು ಕಂಡಿದ್ದೇ ಬಾಗಿಲಿಗೆ ಓಡಿದ. ಅವನಿಗೆ ಧೈರ್ಯ ಬರ್ಲಿ ಅಂತ ಅಂಗಿ ಬಿಚ್ಚಿ ಮೊದ್ಲು ನಾನೇ ಮಲಗಿ ತೆಗೆಸ್ಕೊಂಡೆ. ಆಮೇಲೆ ಅವನೂ ಮಲಗಿದ.

ಡಾಕ್ಟರಮ್ಮ ಕೇಳಿದ್ರು, “ಬಸು, ಡ್ರಿಲ್ ಹೆಂಗೆ ಒತ್ತೀಯಪ್ಪ?”

“ಎದಿ ಕೊಟ್ಟು ಒತ್ತತೀನ್ರಿ.”

“ಅದಕ್ಕೇ ಮಾಂಸಖಂಡ ನೊಂದಿದೆ. ಹಾರ್ಟ್ ಚೆನ್ನಾಗಿದೆ, ಹೋಗು.”

ಅವನು ಕುಣೀತಾ ಹೋದ. ಡಾಕ್ಟರಮ್ಮ ನನ್ನ ಇಸಿಜಿ ಕಾಗದ ಮಾತ್ರ ತಿರುಗಿಸಿ ತಿರುಗಿಸಿ ನೋಡಿದ್ರು. ನನ್ನಂಥ ಗಟ್ಟಿ ಎದೆ ಆಯಮ್ಮ ಮುಂಚೆ ನೋಡಿರಲಿಲ್ಲ ಅಂತ ಕಾಣುತ್ತೆ, ಎರಡು ದಿನ ನನ್ನನ್ನ ಅಲ್ಲೇ ಮಲಗಿಸ್ಕೊಂಡು ನೋಡಿದ್ರು.